ಅಡುಗೆ ಪ್ರಶ್ನೋತ್ತರ: ಸೊಪ್ಪಿನ ಪಲಾವ್ ಮುದ್ದೆಯಾಗುವುದೇಕೆ?

ಪ್ರಶ್ನೆ: ಮಗಳು ವೀಗನ್, ಹಾಲು, ತುಪ್ಪ, ಮೊಸರು ಯಾವುದೂ ಮುಟ್ಟುವುದಿಲ್ಲ. ಅವಳಿಗೆಂದು ನವಣೆಗೆ ಹರಿವೆ ಸೊಪ್ಪು ಹಾಕಿ ಕುಕ್ಕರಿನಲ್ಲಿ ಪಲಾವ್ ಮಾಡುತ್ತೇನೆ. ಒಂದು ಲೋಟ ನವಣೆಗೆ ಎರಡು ಲೋಟ ನೀರು. ಪ್ರತಿ ಸಲ ಮುದ್ದೆ, ಸೊಪ್ಪೂ ಕಪ್ಪು. ತಪ್ಪೆಲ್ಲಿ?
– ಓದುಗರು, ಕಾಪು

ಉತ್ತರ: ಸೊಪ್ಪಿನೊಳಗಿನ ನೀರು ನಿಮ್ಮ ಲೆಕ್ಕಕ್ಕೆ ಬಂದಿಲ್ಲ. ಹರಿವೆಯ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. 250 ಗ್ರಾಂ ಸೊಪ್ಪು ಬಾಡಿದರೆ ಅದರ ದೊಡ್ಡ ಪಾಲು ಪಾತ್ರೆಗಿಳಿಯುತ್ತದೆ. ಮುಚ್ಚಿದ ಕುಕ್ಕರಿನಲ್ಲಿ ಅಷ್ಟನ್ನೂ ನವಣೆಯೇ ಕುಡಿಯುತ್ತದೆ. ಎರಡನ್ನೂ ಬೇರೆ ಬೇರೆ ಬೇಯಿಸಿ ಕೊನೆಗೆ ಸೇರಿಸಿ. ಕುಕ್ಕರು ಬೇಡ, ದಪ್ಪ ತಳದ ಪಾತ್ರೆ ಸಾಕು.

ಒಂದು ಲೋಟ (200 ಗ್ರಾಂ) ನವಣೆಯನ್ನು ಚೆನ್ನಾಗಿ ತೊಳೆದು ಅರ್ಧ ಗಂಟೆ ನೆನೆಸಿ, ಜರಡಿಯಲ್ಲಿ ಹತ್ತು ನಿಮಿಷ ನೀರು ಬಸಿಯಿರಿ. ಎರಡು ಚಮಚ ತೆಂಗಿನೆಣ್ಣೆಯಲ್ಲಿ ಚಕ್ಕೆ, ನಾಲ್ಕು ಲವಂಗ, ಸೀಳಿದ ಎರಡು ಹಸಿಮೆಣಸು, ಒಂದು ನೀರುಳ್ಳಿ ಬಾಡಿಸಿ. ನವಣೆ ಹಾಕಿ ಬಿಡಿಬಿಡಿಯಾಗುವವರೆಗೆ ಮೂರ್ನಾಲ್ಕು ನಿಮಿಷ ಹುರಿಯಿರಿ. ಅವಸರವೆಂದು ಇದನ್ನು ಬಿಡಬೇಡಿ, ಎಣ್ಣೆ ಹಿಡಿದ ಕಾಳು ಅಷ್ಟಾಗಿ ಅಂಟುವುದಿಲ್ಲ. ಒಂದೂಮುಕ್ಕಾಲು ಲೋಟ ಕುದಿಯುವ ನೀರು, ಉಪ್ಪು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 10–12 ನಿಮಿಷ. ಉರಿ ಆರಿಸಿದ ಮೇಲೆ ಇನ್ನೂ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ, ಸೌಟು ಆಡಿಸಬೇಡಿ. ಆಗಷ್ಟೇ ಬೆಂದ ಕಾಳು ಮೆತ್ತಗಿದ್ದು ಕೈಯಾಡಿಸಿದರೆ ಒಡೆಯುತ್ತದೆ.

ಅಷ್ಟರಲ್ಲಿ ಸೊಪ್ಪು. ಮಳೆಗಾಲದ ಹರಿವೆಯಲ್ಲಿ ಮಣ್ಣು ಜಾಸ್ತಿ, ಮೂರು ಸಲ ತೊಳೆದು ಬಟ್ಟೆಯ ಮೇಲೆ ಹರಡಿ ಆರಿಸಿದ ಮೇಲೆಯೇ ಹೆಚ್ಚಿ. ಅಗಲ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ನಾರು ತೆಗೆದ ದಂಟು ಮೊದಲು ಹಾಕಿ ನಾಲ್ಕು ನಿಮಿಷ ಬಾಡಿಸಿ. ಎಲೆಗಳನ್ನು ಎರಡು ಕಂತಿನಲ್ಲಿ, ದೊಡ್ಡ ಉರಿಯಲ್ಲಿ, ಮುಚ್ಚದೆ, ನೀರು ಇಂಗುವವರೆಗೆ ಬಾಡಿಸಿ. ಮುಚ್ಚಿ ಬೇಯಿಸಿದರೆ ಎಲೆಯಿಂದ ಹೊರಟ ಆಮ್ಲ ಅಲ್ಲೇ ಉಳಿದು ಹಸುರು ಕಂದುತ್ತದೆ. ಲಿಂಬೆ ಹಿಂಡುವುದಾದರೂ ಬಡಿಸುವ ಹೊತ್ತಿಗೇ. ಬಣ್ಣ ಉಳಿಸಲು ಸೋಡಾ ಹಾಕುವವರಿದ್ದಾರೆ. ಎಲೆ ಲೋಳೆಯಾಗುತ್ತದೆ, ಸಿ ಜೀವಸತ್ವವೂ ಹಾಳು. ಕೆಂಪು ಹರಿವೆಯ ಬಣ್ಣ ನೀರಿನಲ್ಲಿ ಕರಗುವಂಥದ್ದು, ಪಲಾವ್ ಗುಲಾಬಿಯಾದರೆ ಗಾಬರಿ ಬೇಡ.

ಹೊಟ್ಟೆ ತುಂಬಬೇಕಾದರೆ ಅರ್ಧ ಲೋಟ ಅಲಸಂಡೆ ಕಾಳನ್ನು ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಎರಡು ಮೂರು ಸೀಟಿ ಹೊಡೆಸಿ, ನೀರು ಬಸಿದು ಸೇರಿಸಿ. ಟೊಮೆಟೊ, ಹುಳಿ ಜತೆಗೆ ಬೇಯಿಸಿದರೆ ಕಾಳು ಬೇಗ ಮೆತ್ತಗಾಗದು. ತುಪ್ಪದ ಜಾಗಕ್ಕೆ ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದ ಹತ್ತು ಗೇರುಬೀಜ, ಒಂದು ಹಿಡಿ ತೆಂಗಿನತುರಿ ಸಾಕು. ವನಸ್ಪತಿ ದಯವಿಟ್ಟು ಬೇಡ. ತೆಂಗಿನ ಹಾಲೇ ಬೇಕೆಂದರೆ ನೀರಿನಲ್ಲಿ ಅರ್ಧ ಲೋಟ ಕಡಿಮೆ ಮಾಡಿ ಅಷ್ಟೇ ಎರಡನೇ ಹಾಲು (ಎರಡನೇ ಸಲ ಹಿಂಡಿದ ತೆಳು ಹಾಲು) ಹಾಕಿ. ದಪ್ಪ ಹಾಲು ಕುದಿದರೆ ಒಡೆಯುತ್ತದೆ.

ಪ್ರಶ್ನೆ: ಇದನ್ನೇ ಕುಚಲಕ್ಕಿಯಲ್ಲಿ ಮಾಡಬಹುದೇ?
– ಓದುಗರು, ಕಾರ್ಕಳ

ಉತ್ತರ: ಧಾರಾಳವಾಗಿ. ಆದರೆ ನೀರು ಅಳೆದಿಟ್ಟು ಇಂಗಿಸುವ ಕ್ರಮ ಬೇಡ. ಹೊರಗೆ ಒಡೆದು ಒಳಗೆ ಗಟ್ಟಿ ಉಳಿಯಬಹುದು. ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಧಾರಾಳ ನೀರಿನಲ್ಲಿ ಬೇಯಿಸಿ. ಅಗುಳು ಹಿಚುಕಿದಾಗ ನಡುವೆ ಗಟ್ಟಿ ಇರದಿದ್ದರೆ, ಒಡೆಯುವ ಮೊದಲೇ ತೆಳಿ (ಗಂಜಿನೀರು) ಬಸಿದು ತಟ್ಟೆಯಲ್ಲಿ ಹರಡಿ. ತಣಿದ ಮೇಲೆ ಒಗ್ಗರಣೆ, ಸೊಪ್ಪಿಗೆ ಸೇರಿಸಿ. ತೆಳಿ ಚೆಲ್ಲಬೇಡಿ, ಉಪ್ಪು ಹಾಕಿ ಕುಡಿಯಿರಿ.

ಪ್ರಶ್ನೆ: ಹಿತ್ತಿಲಲ್ಲಿ ಬಸಳೆ ಬೇಕಾದಷ್ಟಿದೆ. ಹಾಕಲೇ?
– ಓದುಗರು, ಬಂಟ್ವಾಳ

ಉತ್ತರ: ಬೇಡ. ಅದರ ಲೋಳೆ ಬಿಡಿ ಕಾಳನ್ನೂ ಅಂಟಿಸುತ್ತದೆ. ಬಸಳೆಗೆ ಕೊದ್ದೆಲೇ (ತೆಂಗಿನಕಾಯಿ ಅರೆದು ಹಾಕಿದ ಸಾರು) ಸರಿ. ನುಗ್ಗೆ ಸೊಪ್ಪು ಆಗುತ್ತದೆ, ಹರಿವೆಯ ಅರ್ಧದಷ್ಟು ಸಾಕು. ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಸಿಗುವ ತಜಂಕ್, ಅಂದರೆ ಚಗಟೆ ಸೊಪ್ಪು, ಆದರೆ ಎಳೆಯ ಕುಡಿ ಮಾತ್ರ, ಬಲಿತದ್ದು ಕಹಿ.