ಒಂಬತ್ತು ಸಿ.ಡಿ.ಯ ಬಿಲ್ ವಿದರ್ಸ್: ಅಷ್ಟೂ ಬೇಕಾ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ನನ್ನ ಹುಟ್ಟುಹಬ್ಬಕ್ಕೆ ಅಲ್ಲಿನ ಗಾಯಕ ಬಿಲ್ ವಿದರ್ಸ್ ಹಾಡುಗಳ ಬಾಕ್ಸ್ ಸೆಟ್ ಕಳಿಸ್ತೀನಿ ಅಂತಿದ್ದಾನೆ. ಒಂಬತ್ತು ಸಿ.ಡಿ. ಅಂತೆ. ನನಗೆ ಗೊತ್ತಿರುವುದು ‘ಲೀನ್ ಆನ್ ಮಿ’, ‘ಏನ್ಟ್ ನೋ ಸನ್‌ಶೈನ್’ ಎರಡೇ. ಹಿಟ್ ಹಾಡುಗಳ ಒಂದು ಸಿ.ಡಿ. ಸಾಕಲ್ವಾ? ಸುಮ್ನೆ ದುಡ್ಡು ಯಾಕೆ ಖರ್ಚು ಮಾಡಿಸಲಿ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ತರಿಸಿಕೊಳ್ಳಿ ಮೇಡಂ, ಸಂಕೋಚ ಬೇಡ. 1971ರಿಂದ 1985ರವರೆಗೆ ಅವರು ತಂದ ಒಂಬತ್ತೂ ಆಲ್ಬಂ ಈ ಸೆಟ್‌ನಲ್ಲಿವೆ. 2012ರಲ್ಲಿ ಬಂತು, ಮುಂದೆ ಗ್ರ್ಯಾಮಿ ಸಂಗೀತ ಪ್ರಶಸ್ತಿಯೂ ಸಿಕ್ಕಿತು. ಹಿಟ್ ಹಾಡುಗಳ ಸಿ.ಡಿ.ಯಲ್ಲಿ ಬಿಟ್ಟುಹೋಗುವ ಹಾಡುಗಳೇ ನನಗೆ ಜಾಸ್ತಿ ಇಷ್ಟ. ಅದಕ್ಕೇ ಇಷ್ಟು ಒತ್ತಾಯ.

ವಿದರ್ಸ್ ಹುಟ್ಟಿದ್ದು 1938ರಲ್ಲಿ, ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಅನ್ನುವ ಕಲ್ಲಿದ್ದಲು ಗಣಿಯ ಊರಲ್ಲಿ. ಚಿಕ್ಕಂದಿನಿಂದ ಉಗ್ಗು. ಹದಿಮೂರಕ್ಕೆ ಅಪ್ಪ ತೀರಿಕೊಂಡರು. ಒಂಬತ್ತು ವರ್ಷ ನೌಕಾಪಡೆಯಲ್ಲಿ ದುಡಿದರು. ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ವಿಮಾನಕ್ಕೆ ಶೌಚಾಲಯ ಮಾಡಿಕೊಡುವ ಕಾರ್ಖಾನೆಗೆ ಸೇರಿದರು. ಮೊದಲ ಆಲ್ಬಂ ಬಂದಾಗ ವಯಸ್ಸು 32. ಅದರ ಕವರ್ ನೋಡಿ. ಕಾರ್ಖಾನೆಯ ಗೋಡೆ ಪಕ್ಕ ನಿಂತಿದ್ದಾರೆ, ಕೈಯಲ್ಲಿ ಊಟದ ಡಬ್ಬಿ. ಊಟದ ಬಿಡುವಿನಲ್ಲೇ ತೆಗೆದ ಫೋಟೊ ಅದು. ಹಾಡು ಕೈ ಹಿಡಿಯುತ್ತೆ ಅನ್ನುವ ಭರವಸೆ ಅವರಿಗೆ ಇನ್ನೂ ಇರಲಿಲ್ಲ, ಕೆಲಸ ಬಿಟ್ಟಿರಲಿಲ್ಲ.

‘ಏನ್ಟ್ ನೋ ಸನ್‌ಶೈನ್’ ಈ ಆಲ್ಬಮ್ಮಿನದು. ನಡುವೆ ‘ಐ ನೋ’ ಅಂತ 26 ಸಲ ಹೇಳುತ್ತಾರೆ. ಅಲ್ಲಿಗೆ ಬೇರೆ ಸಾಲು ಬರೆಯಬೇಕು ಅಂತಿದ್ದರು. ನಿರ್ಮಾಪಕ ಬುಕರ್ ಟಿ. ಜೋನ್ಸ್ ಮತ್ತು ಸ್ಟುಡಿಯೊದಲ್ಲಿದ್ದವರು, ಬೇಡ, ಹಾಗೇ ಇರಲಿ ಅಂದರು. ಎಂಥಾ ಒಳ್ಳೆಯ ಸಲಹೆ! ಸಂಕಟದಲ್ಲಿರುವವರು ಹೀಗೇ ಅಲ್ವಾ, ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಾರೆ.

ಎರಡನೇ ಸಿ.ಡಿ.ಯಲ್ಲಿ ನಿಮ್ಮ ‘ಲೀನ್ ಆನ್ ಮಿ’ ಇದೆ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಹತ್ತಿರ ಎಳೆದುಕೊಳ್ಳಿ. ನಾನು ಹಾರ್ಮೋನಿಯಂ ಕಲಿಸುವವನು, ಹೊಸ ಮಕ್ಕಳಿಗೆ ಇದನ್ನೇ ನುಡಿಸಿ ತೋರಿಸುತ್ತೇನೆ. ಬಿಳಿ ಮನೆಗಳ (ಕೀಲಿಗಳ) ಮೇಲೆ ಸ ರಿ ಗ ಮ ಅಂತ ಹತ್ತುತ್ತದೆ, ಮ ಗ ರಿ ಸ ಅಂತ ಇಳಿಯುತ್ತದೆ. ಬೆರಳು ಪಕ್ಕದ ಮನೆ ಬಿಟ್ಟು ಹಾರುವುದೇ ಇಲ್ಲ. ಆಗಷ್ಟೇ ಕೊಂಡಿದ್ದ ಎಲೆಕ್ಟ್ರಿಕ್ ಪಿಯಾನೊ ಮೇಲೆ ಬೆರಳು ಆಡಿಸುತ್ತಾ ಹುಟ್ಟಿದ ಹಾಡು. ಅಷ್ಟು ಸರಳವಾದ ಸ್ವರ 1972ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ಆಲ್ಬಮ್ಮಿನ ‘ಯೂಸ್ ಮಿ’ ಕೇಳುವಾಗ ಜೇಮ್ಸ್ ಗ್ಯಾಡ್‌ಸನ್ ಅವರ ಡ್ರಮ್ಸ್ ಮೇಲೆ ಕಿವಿ ಇಡಿ. ಕೈ ತಾನಾಗಿ ತಾಳ ಹಾಕುತ್ತದೆ.

ಈಗ ಮೂರನೆಯದು. ಇಡೀ ಸೆಟ್‌ನಲ್ಲಿ ಒಂದೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. 1972ರ ಅಕ್ಟೋಬರ್ 6ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಕಛೇರಿ. ‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ ಹಾಡುವ ಮೊದಲು ಅಜ್ಜಿಯ ವಿಷಯ ಮಾತಾಡುತ್ತಾರೆ. ಜನ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಉಗ್ಗುತ್ತಿದ್ದ ಹುಡುಗ ಅಷ್ಟು ದೊಡ್ಡ ಸಭೆಯನ್ನು ಬರೀ ಮಾತಿನಲ್ಲಿ ಹಿಡಿದು ಕೂರಿಸಿದ್ದಾನೆ! ನನಗಂತೂ ಪ್ರತಿ ಸಲವೂ ಕಣ್ಣು ತುಂಬುತ್ತದೆ. ‘ಐ ಕಾಂಟ್ ರೈಟ್ ಲೆಫ್ಟ್-ಹ್ಯಾಂಡೆಡ್’ ಕೂಡ ಇಲ್ಲೇ ಇದೆ. ವಿಯೆಟ್ನಾಂ ಯುದ್ಧದಲ್ಲಿ ಭುಜಕ್ಕೆ ಗುಂಡು ಬಿದ್ದ ಹುಡುಗ. ಬಲಗೈ ಹೋಗಿದೆ, ಎಡಗೈಯಲ್ಲಿ ಬರೆಯಲು ಬರದು. ಅಮ್ಮನಿಗೊಂದು ಕಾಗದ ಬರೆದುಕೊಡಿ ಅಂತ ಪಕ್ಕದವರನ್ನು ಕೇಳುತ್ತಾನೆ. ಹಿಂದೆ ಪಿಯಾನೊ ಮೆಲ್ಲಗೆ ನಡೆಯುತ್ತಿರುತ್ತದೆ. ಹಿಟ್ ಹಾಡು ಮಾತ್ರ ಕೇಳಿದವರಿಗೆ ಇದು ಸಿಗುವುದೇ ಇಲ್ಲ, ಅದೇ ನನಗೆ ಬೇಜಾರು.

ಮುಂದಿನವು ಏರುಪೇರು. ಇವರ ಆಲ್ಬಂ ತರುತ್ತಿದ್ದ ಮೊದಲ ಕಂಪನಿ 1975ರಲ್ಲಿ ಮುಚ್ಚಿತು, ಇವರು ಕೊಲಂಬಿಯಾ ಅನ್ನುವ ಕಂಪನಿಗೆ ಹೋದರು. ಅಲ್ಲಿ ಹೊಂದಾಣಿಕೆ ಆಗಲಿಲ್ಲ. ತನ್ನ ಹಾಡು ತಾನೇ ಬರೆಯುವ ಮನುಷ್ಯನಿಗೆ ಎಲ್ವಿಸ್ ಪ್ರೀಸ್ಲಿ ಹಾಡಿದ್ದನ್ನು ಹಾಡು ಅಂದರಂತೆ. ಆದರೂ 1977ರ ‘ಲವ್ಲಿ ಡೇ’ ಬಿಡಬೇಡಿ. ಕೊನೆಯ ಕಡೆ ಒಂದೇ ಸ್ವರವನ್ನು 18 ಸೆಕೆಂಡ್ ಉಸಿರು ಬಿಡದೆ ಹಿಡಿಯುತ್ತಾರೆ. ಒಂಬತ್ತನೇ ಆಲ್ಬಂ, 1985ರದು, ನನಗೆ ಅಷ್ಟಾಗಿ ಹಿಡಿಸಿಲ್ಲ. ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ ಜಾಸ್ತಿ, ಆ ಬೆಚ್ಚನೆ ದನಿಗೆ ಜಾಗ ಕಮ್ಮಿ. ಅದಾದ ಮೇಲೆ 2020ರಲ್ಲಿ ತೀರಿಕೊಳ್ಳುವವರೆಗೂ ಅವರು ಮತ್ತೊಂದು ಆಲ್ಬಂ ತರಲಿಲ್ಲ. ಮೊದಲ ಮೂರನ್ನು ಕೇಳಿ ಒಂಬತ್ತನೆಯದಕ್ಕೆ ಬಂದರೆ, ಯಾಕೆ ಸಾಕು ಅಂದರು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಬಿಲ್ ವಿದರ್ಸ್ ಸೆಟ್ ಕೊಂಡೆ. ‘ಜಸ್ಟ್ ದ ಟೂ ಆಫ್ ಅಸ್’ ಇಲ್ಲವೇ ಇಲ್ಲ! ಮೋಸ ಹೋದೆನಾ?
– ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಇಲ್ಲ ಸರ್. ಹಾಡಿದ್ದು ವಿದರ್ಸ್, ಆದರೆ ಆಲ್ಬಂ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರದು. ಹೆಸರು ‘ವೈನ್‌ಲೈಟ್’, 1980ರದು, ಕಂಪನಿಯೂ ಬೇರೆ. ಆ ವರ್ಷಗಳಲ್ಲಿ ವಿದರ್ಸ್ ಅವರ ಸ್ವಂತ ಆಲ್ಬಂ ಬರುತ್ತಲೇ ಇರಲಿಲ್ಲ. ಅದನ್ನು ಬೇರೆಯಾಗಿ ಕೊಂಡು ಎಂಟನೇ ಮತ್ತು ಒಂಬತ್ತನೇ ಸಿ.ಡಿ.ಯ ನಡುವೆ ಇಟ್ಟುಕೊಳ್ಳಿ. ವರ್ಷದ ಲೆಕ್ಕಕ್ಕೆ ಅಲ್ಲಿಗೇ ಸರಿಹೋಗುತ್ತದೆ.