ಕಾರ್ಮಿಕರನ್ನು ಸರಿಯಾಗಿ ನೋಡಿಕೊಳ್ಳದ ಬಟ್ಟೆ ಬ್ರಾಂಡ್‌ಗಳನ್ನು ಕೊಳ್ಳೋದು ಬಿಟ್ಟರೆ ಅವರಿಗೆ ಉಪಯೋಗ ಆಗುತ್ತಾ?

ಮಂಡ್ಯ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದವಳು ನಾನು. ಶರ್ಟಿಗೆ ಕಾಲರ್ ಕೂರಿಸೋ ಕೆಲಸ. ನಮ್ಮಂಥವರ ಸಲುವಾಗಿ ಒಂದು ಬ್ರಾಂಡ್ ಬಿಡೋಕೆ ಹೊರಟಿದ್ದೀರಿ, ಸಂತೋಷ. ಆದರೆ ಆರ್ಡರ್ ಕಮ್ಮಿಯಾದರೆ ಮೊದಲು ನಿಲ್ಲೋದು ನಮ್ಮ ಹೊಲಿಗೆ ಮಷೀನಿನ ಸಾಲು, ಮಾಲೀಕರ ಕಾರಲ್ಲ.

ಬಯರ್, ಅಂದರೆ ನಮ್ಮಿಂದ ಬಟ್ಟೆ ತರಿಸೋ ಬ್ರಾಂಡಿನವರು, ಬರೋ ದಿನ ನೀವು ನೋಡಬೇಕಿತ್ತು. ಹಿಂದಿನ ಸಂಜೆಯೇ ಬಾತ್‌ರೂಮಿಗೆ ಸೋಪು ಬಂದು ಕೂತಿರೋದು. ಗಂಟೆಯ ಟಾರ್ಗೆಟ್‌ಗೆ ನಾಲ್ಕು ಪೀಸ್ ಕಮ್ಮಿ ಬಿದ್ದರೆ ಬಾಯಿಗೆ ಬಂದ ಹಾಗೆ ಬೈಯೋ ಸೂಪರ್‌ವೈಸರ್ ಅವತ್ತು ‘ಅಕ್ಕಾ, ನೀರು ಕುಡಿದು ಬನ್ನಿ’ ಅನ್ನೋನು. ಮಾರನೇ ದಿನ ಸೋಪೂ ಇಲ್ಲ, ಅಕ್ಕನೂ ಇಲ್ಲ. ಇವರು ಯಾರಿಗೆ ಹೆದರುತ್ತಾರೆ ಅಂತ ನಮಗೆ ತಿಳಿದಿದ್ದು ಹಾಗೆ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಫ್ಯಾಕ್ಟರಿ 1,200ಕ್ಕೂ ಹೆಚ್ಚು ಜನರನ್ನು ಲೇಆಫ್ ಮಾಡಿತು. ನಾನಿದ್ದದ್ದು ಅಲ್ಲಲ್ಲ. ಆ ಹೆಂಗಸರು ವಾರಗಟ್ಟಲೆ ಧರಣಿ ಕೂತರು. ಯೂನಿಯನ್ನು ಮಾಲೀಕರನ್ನಷ್ಟೇ ಕೇಳಿ ಸುಮ್ಮನಾಗಲಿಲ್ಲ, ಅಲ್ಲಿಂದ ಬಟ್ಟೆ ತರಿಸುತ್ತಿದ್ದ ವಿದೇಶಿ ಬ್ರಾಂಡಿನ ಮೇಲೂ ಒತ್ತಡ ತಂತು. 2021ರ ಶುರುವಿನಲ್ಲಿ ಮತ್ತೆ ಕೆಲಸ ಕೊಡೋ ಒಪ್ಪಂದ ಆಯಿತು. ಬ್ರಾಂಡ್ ಕೈ ತೊಳೆದುಕೊಂಡು ಹೋಗಿದ್ದರೆ ಯಾರನ್ನು ಕೇಳಬೇಕಿತ್ತು?

ಹೊರಗಿನವರ ಒಳ್ಳೆ ಮನಸ್ಸೇ ಉಲ್ಟಾ ಹೊಡೆದದ್ದೂ ಉಂಟು. ಮಕ್ಕಳು ದುಡಿದು ತಯಾರಾದ ಮಾಲು ಬೇಡ ಅನ್ನೋ ಮಸೂದೆ ಅಮೆರಿಕದಲ್ಲಿ ಬಂದಾಗ, 1993ರ ಹೊತ್ತಿಗೆ ಬಾಂಗ್ಲಾದೇಶದ ಗಾರ್ಮೆಂಟ್ಸ್‌ನವರು ಸಾವಿರಾರು ಮಕ್ಕಳನ್ನು ಏಕಾಏಕಿ ಹೊರಗೆ ಹಾಕಿದರು. ಅವರಲ್ಲಿ ಎಷ್ಟೋ ಮಕ್ಕಳು ಶಾಲೆಗೆ ಹೋಗಲಿಲ್ಲ, ಕಲ್ಲು ಒಡೆಯೋಕೆ ಹೋದರು.

ಹಾಗಂತ ಬಹಿಷ್ಕಾರವೇ ದಂಡ ಅನ್ನಲ್ಲ. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಕೂಲಿಗಳು 1965ರಲ್ಲಿ ಮುಷ್ಕರ ಹೂಡಿದರು, ಆಮೇಲೆ ದ್ರಾಕ್ಷಿ ಕೊಳ್ಳಬೇಡಿ ಅಂತ ತಾವೇ ಜನರನ್ನು ಕೇಳಿಕೊಂಡರು. 1970ರಲ್ಲಿ ತೋಟದ ಮಾಲೀಕರು ಯೂನಿಯನ್ ಜೊತೆ ಸಹಿ ಹಾಕಬೇಕಾಯಿತು. ಅಲ್ಲಿ ಕರೆ ಕೊಟ್ಟವರು ದುಡಿಯುವವರೇ. ನಾವೂ ಹಾಗೆ ಕರೆದಾಗ ಖಂಡಿತ ಬನ್ನಿ.

(ಮೈಸೂರಿನ ಮಾಲ್‌ನಲ್ಲಿ ಒಮ್ಮೆ ನಮ್ಮಲ್ಲಿ ಹೊಲಿದಂಥದ್ದೇ ಶರ್ಟು ಕಂಡು, ಕಾಲರ್ ಮಗುಚಿ ಹೊಲಿಗೆ ನೋಡಿದೆ. ಬೆಲೆ ನೋಡಿ ವಾಪಸ್ ಇಟ್ಟೆ. ಅದೇನು ಬಹಿಷ್ಕಾರ ಅಲ್ಲ ಬಿಡಿ.)

ನಾವು ಕರೆಯೋವರೆಗೂ ಬ್ರಾಂಡಿಗೆ ಒಂದು ಮೇಲ್ ಹಾಕಿ: ಈ ಬಟ್ಟೆ ಯಾವ ಫ್ಯಾಕ್ಟರಿಯದು, ಅಲ್ಲಿ ಯೂನಿಯನ್ ಇದೆಯಾ, ಆರ್ಡರ್ ನಿಲ್ಲಿಸಿದರೆ ಗ್ರಾಚ್ಯುಯಿಟಿ, ಬಾಕಿ ಸಂಬಳ ಯಾರು ಕೊಡಿಸುತ್ತಾರೆ? ಉತ್ತರ ಬರದಿದ್ದರೆ ಮುಂದಿನ ವಾರ ಇನ್ನೊಂದು ಹಾಕಿ.