ವ್ಯಾಟ್ ಹೆಚ್ಚಿಸುವ ಮೊದಲು ಆಂಟೆನಾ ಎತ್ತರಿಸಿ: ಹ್ಯಾಮ್ (ಹವ್ಯಾಸಿ) ರೇಡಿಯೊ ಪ್ರಶ್ನೋತ್ತರ

ಪ್ರಶ್ನೆ: 145 ಮೆಗಾಹರ್ಟ್ಸ್‌ನಲ್ಲಿ ನನ್ನ 5 ವ್ಯಾಟ್ ಹ್ಯಾಂಡ್‌ಸೆಟ್ ಮೂರ್ನಾಲ್ಕು ಕಿಲೋಮೀಟರ್ ದಾಟುವುದಿಲ್ಲ. 25 ವ್ಯಾಟಿನ ಸೆಟ್ ಕೊಳ್ಳಲೇ?
– ತುಮಕೂರಿನ ಓದುಗರು

ಉತ್ತರ: ಈಗಲೇ ಬೇಡ. ಐದು ಪಟ್ಟು ವ್ಯಾಟ್ ಅಂದರೆ ಬರೀ 7 ಡೆಸಿಬೆಲ್, ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನಲ್ಲಿ ಒಂದು ಗೀಟಿಗಿಂತ ತುಸು ಹೆಚ್ಚು, ಅಷ್ಟೆ. ಈ ಬ್ಯಾಂಡಿನ (ಫ್ರೀಕ್ವೆನ್ಸಿ ಪಟ್ಟಿಯ) ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಹಾಗಾಗಿ ದೂರವನ್ನು ನಿರ್ಧರಿಸುವುದು ಎತ್ತರ. ಎರಡೂ ಕಡೆಯ ಆಂಟೆನಾ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ, ಅವುಗಳ ವರ್ಗಮೂಲಗಳನ್ನು ಕೂಡಿಸಿ, 4.12ರಿಂದ ಗುಣಿಸಿ. ಕಿಲೋಮೀಟರ್ ಸಿಗುತ್ತದೆ. ಕೈಯಲ್ಲಿ ಹಿಡಿದ ಎರಡು ಸೆಟ್‌ಗಳಿಗೆ (1.5 ಮೀಟರ್) ಬಯಲಿನಲ್ಲಿ 10 ಬರುತ್ತದೆ. ಮನೆ, ಮರಗಳ ನಡುವೆ ನಿಮಗೆ ಸಿಗುತ್ತಿರುವ ಮೂರ್ನಾಲ್ಕೇ ಸಹಜ. ನಿಮ್ಮ ಆಂಟೆನಾ 9 ಮೀಟರಿಗೆ ಏರಿದರೆ 17, ಇಬ್ಬರದೂ 16 ಮೀಟರಿನಲ್ಲಿದ್ದರೆ 33. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲಿಂದ 5 ವ್ಯಾಟಿನಲ್ಲೇ ಬೆಂಗಳೂರಿನವರ ಜತೆ ಸಲೀಸಾಗಿ ಮಾತಾಡಬಹುದು.

ಪ್ರಶ್ನೆ: ಮನೆ ಮೇಲೆ ಹಾಕಲು 145 ಮೆಗಾಹರ್ಟ್ಸ್ ಬ್ಯಾಂಡಿಗೆ ಆಂಟೆನಾ ನಾನೇ ಮಾಡಬಹುದೇ? ಕೇಬಲ್ ಯಾವುದು?
– ಸಾಗರದ ಓದುಗರು

ಉತ್ತರ: ಖಂಡಿತ. ನಾಲ್ಕು ಮೂಲೆಯಲ್ಲೂ ತೂತಿರುವ ಎಸ್‌ಒ-239 ಸಾಕೆಟ್ (ಕೇಬಲ್ ಜೋಡಿಸುವ ಕನೆಕ್ಟರ್) ಒಂದು, 2–3 ಮಿ.ಮೀ. ದಪ್ಪದ ತಾಮ್ರದ ತಂತಿ ಮೂರು ಮೀಟರ್ ಸಾಕು. ನಡುವಿನ ಪಿನ್ನಿಗೆ 51 ಸೆಂ.ಮೀ. ತಂತಿಯನ್ನು ನೆಟ್ಟಗೆ ಬೆಸುಗೆ ಹಾಕಿ. ಮೂಲೆಗಳಿಗೆ 52 ಸೆಂ.ಮೀ.ನ ನಾಲ್ಕು ತಂತಿಗಳನ್ನು ಬೋಲ್ಟ್ ಮಾಡಿ 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಹಾಗೆ ಬಗ್ಗಿಸಿದರೇನೇ ಆಂಟೆನಾ ಕೇಬಲ್ಲಿಗೆ ಹೊಂದುವ 50 ಓಮ್ ಹತ್ತಿರ ಬರುವುದು. ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಎಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 145ಕ್ಕಿಂತ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕನಿಷ್ಠವಾಗಿದ್ದರೆ ನೆಟ್ಟಗಿರುವ ತಂತಿ ಉದ್ದವಾಯಿತು ಎಂದರ್ಥ. ಒಮ್ಮೆಗೆ 3 ಮಿ.ಮೀ.ನಷ್ಟೇ ಕತ್ತರಿಸುತ್ತ ಹೋಗಿ; ಸುಮಾರು 49 ಸೆಂ.ಮೀ.ಗೆ ಬಂದು ನಿಲ್ಲುತ್ತದೆ.

ಕೇಬಲ್ ವಿಚಾರದಲ್ಲಿ ಜಿಪುಣತನ ಬೇಡ. 20 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್ ಸುಮಾರು 4 ಡೆಸಿಬೆಲ್ ನುಂಗುತ್ತದೆ. 5 ವ್ಯಾಟ್ ಕಳಿಸಿದರೆ ಮೇಲೆ ಮುಟ್ಟುವುದು 2. ದಪ್ಪನೆಯ ಎಲ್‌ಎಂಆರ್-400 ಕೇಬಲ್ ಆದರೆ 4 ವ್ಯಾಟ್ ಮುಟ್ಟುತ್ತದೆ. ನಿಮ್ಮ ಕಡೆಯ ಮಳೆಗೆ ಕನೆಕ್ಟರ್ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಟೇಪ್ ಹಾಕಿ. ಒಮ್ಮೆ ನೀರು ಹೊಕ್ಕು ಒಳಗಿನ ಜಾಲರಿ ಕಪ್ಪಾದರೆ ಆ ಕೇಬಲನ್ನು ಬಿಸಾಡಲೇಬೇಕು.

ಪ್ರಶ್ನೆ: ಸಂಜೆಯಾದೊಡನೆ 7 ಮೆಗಾಹರ್ಟ್ಸ್‌ನಲ್ಲಿ ಗದ್ದಲ ಎಸ್-9ಕ್ಕೆ ಏರುತ್ತದೆ. ಮೂಲ ಹುಡುಕುವುದು ಹೇಗೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಸ್ವಂತ ಮನೆಯಿಂದಲೇ ಶುರು ಮಾಡಿ. ಸೆಟ್ಟನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿ ಮೇನ್ ಸ್ವಿಚ್ ಇಳಿಸಿ. ಅದಕ್ಕೂ ಮುಂಚೆ ಯುಪಿಎಸ್ ಪೂರ್ತಿ ಆಫ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ: ಕರೆಂಟ್ ಹೋದ ಕ್ಷಣವೇ ಯುಪಿಎಸ್ ಎದ್ದು ತನ್ನದೇ ಗದ್ದಲ ಎಬ್ಬಿಸುತ್ತದೆ, ಪರೀಕ್ಷೆಯೇ ಕೆಡುತ್ತದೆ. ಮೇನ್ ಇಳಿಸಿದಾಗ ಸದ್ದು ಅಡಗಿದರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸಿ. ಸಂಜೆಯ ಗದ್ದಲವೆಂದರೆ ಮೊದಲ ಅನುಮಾನ ಅಗ್ಗದ ಎಲ್‌ಇಡಿ ಬಲ್ಬುಗಳ ಮೇಲೆ, ನಂತರ ಚಾರ್ಜರ್‌ಗಳ ಮೇಲೆ.

ಸದ್ದಿನ ಸ್ವರೂಪವೂ ಸುಳಿವು ಕೊಡುತ್ತದೆ. ಡಯಲ್ ತಿರುಗಿಸಿದಂತೆ ಹಲವು ಹತ್ತು ಕಿಲೋಹರ್ಟ್ಸ್‌ಗೊಮ್ಮೆ ಗದ್ದಲ ಉಬ್ಬಿ ಇಳಿಯುತ್ತ, ಆ ಉಬ್ಬು ನಿಧಾನಕ್ಕೆ ಜಾರುತ್ತಿದ್ದರೆ ಅದು ಸ್ವಿಚಿಂಗ್ ಪವರ್ ಸಪ್ಲೈ. ಇಡೀ ಬ್ಯಾಂಡಿನಲ್ಲಿ ಒಂದೇ ಸಮನೆ ಗರ್ ಎನ್ನುತ್ತ, ಬಿಸಿಲಿನಲ್ಲಿ ಜೋರಾಗಿದ್ದು, ಮಳೆ ಬಂದಾಗ ತಗ್ಗಿದರೆ ವಿದ್ಯುತ್ ಕಂಬದ ಸಡಿಲ ಜೋಡಣೆಯಲ್ಲಿ ಕಿಡಿ ಹಾರುತ್ತಿರಬೇಕು.

ಮೂಲ ಮನೆಯೊಳಗಿಲ್ಲದಿದ್ದರೆ ಪುಟ್ಟ ಎಎಂ ರೇಡಿಯೊ ಹಿಡಿದು ಹೊರಡಿ. ಸ್ಟೇಷನ್ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ ಸೆಟ್ಟನ್ನು ತಿರುಗಿಸಿ. ಸದ್ದು ಪಾತಾಳಕ್ಕಿಳಿದಾಗ ಒಳಗಿನ ಫೆರೈಟ್ ಕಡ್ಡಿಯ (ಆಂಟೆನಾ ಆಗಿರುವ ಕಪ್ಪು ಕಡ್ಡಿ) ತುದಿ ಮೂಲದತ್ತ ಇರುತ್ತದೆ. ಎರಡು ಕಡೆ ಹೀಗೆ ನೋಡಿ ನಕ್ಷೆಯಲ್ಲಿ ಗೆರೆ ಎಳೆದರೆ ಅವು ಕೂಡುವಲ್ಲಿ ಮೂಲವಿದೆ. ವಿದ್ಯುತ್ ಲೈನ್ ಕೆಳಗೆ ಮಾತ್ರ ಈ ಉಪಾಯ ದಾರಿ ತಪ್ಪಿಸುತ್ತದೆ, ಏಕೆಂದರೆ ಗದ್ದಲ ತಂತಿಯುದ್ದಕ್ಕೂ ಹರಿದು ಎಲ್ಲೆಡೆ ಜೋರಾಗಿಯೇ ಕೇಳುತ್ತದೆ. ಅಲ್ಲಿ 144 ಮೆಗಾಹರ್ಟ್ಸ್‌ನಲ್ಲಿ ಎಎಂ ಮೋಡ್ ಇರುವ ರಿಸೀವರ್, ಒಂದೇ ದಿಕ್ಕಿನತ್ತ ಹೆಚ್ಚು ಕೇಳುವ ಮೂರು ಎಲಿಮೆಂಟಿನ (ಕಡ್ಡಿಯ) ಯಾಗಿ ಆಂಟೆನಾ ಬೇಕು. ಎಫ್‌ಎಂ ಮೋಡ್ ಇಂಥ ಗದ್ದಲವನ್ನು ಅಡಗಿಸಿಬಿಡುತ್ತದೆ, ಅದು ಬೇಡ. ಕಂಬ ಸಿಕ್ಕರೆ ಅದರ ನಂಬರ್ ಬರೆದುಕೊಂಡು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. ಕಂಬವನ್ನು ಬಡಿಯುವುದು, ಆಧಾರದ ತಂತಿ ಅಲ್ಲಾಡಿಸುವುದು ಪ್ರಾಣಕ್ಕೆ ಅಪಾಯ.

ತಪ್ಪು ಬಲ್ಬಿನದಾದರೆ ಬದಲಿಸುವುದೇ ಅಗ್ಗ. ಬಿಡಲಾಗದ ಉಪಕರಣವಾದರೆ 31 ಮಿಕ್ಸ್ ಎಂಬ ಮಿಶ್ರಣದ ದೊಡ್ಡ ಫೆರೈಟ್ ಬಳೆಗೆ (ಎಫ್‌ಟಿ-240) ಅದರ ವೈರನ್ನು ಉಪಕರಣದ ಪಕ್ಕದಲ್ಲೇ 10–12 ಸುತ್ತು ಹಾಕಿ. ವೈರಿಗೆ ಕ್ಲಿಪ್ ಮಾಡುವ ಒಂದು ಫೆರೈಟ್ ಈ ಬ್ಯಾಂಡಿನಲ್ಲಿ ಏನೂ ಮಾಡದು. ತಡೆ ಹೆಚ್ಚುವುದು ಸುತ್ತುಗಳ ವರ್ಗದ ಲೆಕ್ಕದಲ್ಲಿ.

ಪ್ರಶ್ನೆ: ಹೊರಗೆ ಆಂಟೆನಾ ಹಾಕಿದ ಮೇಲೆ ನನ್ನ ಅಗ್ಗದ ಹ್ಯಾಂಡ್‌ಸೆಟ್‌ನಲ್ಲಿ ಮೊದಲಿಗಿಂತ ಕಡಿಮೆ ಕೇಳುತ್ತಿದೆ!
– ಬೆಂಗಳೂರಿನ ಓದುಗರು

ಉತ್ತರ: ಹತ್ತಿರದ ಎಫ್‌ಎಂ ಪ್ರಸಾರ ಕೇಂದ್ರಗಳ ಜೋರು ಸಿಗ್ನಲ್‌ಗೆ ರಿಸೀವರ್ ಕಿವುಡಾಗಿರಬೇಕು. ಆಂಟೆನಾ ಮತ್ತು ಸೆಟ್ಟಿನ ನಡುವೆ 10 ಡೆಸಿಬೆಲ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ ಕೇಳಿ. ಕ್ಷೀಣ ಸ್ಟೇಷನ್ ಇನ್ನೂ ಸ್ಪಷ್ಟವಾದರೆ ಕಾರಣ ಅದೇ. ಆಗ 88–108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಹಾಕಿ. ಅದು ನಿಮ್ಮ ಸೆಟ್ಟಿನ ವ್ಯಾಟ್ ತಾಳುತ್ತದೆಯೇ ಎಂದು ನೋಡಿಯೇ ಕೊಳ್ಳಿ: ರಿಸೀವರಿಗೆಂದೇ ಮಾಡಿದ ಫಿಲ್ಟರಿನ ಮೂಲಕ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ಅದು ಸುಟ್ಟುಹೋಗಬಹುದು.